ಉಡುಪೂ ಸ್ವಾತಂತ್ರ್ಯವೂ

"ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಉಣ್ಣುವುದನ್ನು ನಮ್ಮ ನಾಲಗೆಯ ರುಚಿಗೆ ತಕ್ಕಂತೆ ಉಣ್ಣಬಹುದು. ಉಡುವುದನ್ನು ಮಾತ್ರ ನೋಡುವವರ ಕಣ್ಣಿಗೆ ಒಪ್ಪುವಂತೆ ಉಡಬೇಕು ಎಂಬುದು ಇದರ ತಾತ್ಪರ್ಯ. ಈ ಗಾದೆಯನ್ನು ಕಟ್ಟಿದವರು ಗಂಡಸರೋ ಹೆಂಗಸರೋ ನಾನರಿಯೆ. ಆದರೆ ಇದರ ಭಾರವನ್ನು ಹೆಚ್ಚಾಗಿ ಹೊತ್ತವರು ಹೆಂಗಸರೇ ಎಂಬುದು ನಿರ್ವಿವಾದ.

ಈ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ "ಉಡುಪಿನ ಬದಲಾವಣೆಯೇ ಸ್ತ್ರೀ ಸ್ವಾತಂತ್ರ್ಯದ ಹೆಬ್ಬಾಗಿಲು" ಎಂಬ ವಿಷಯವನ್ನು ಇಟ್ಟಿದ್ದರು. ನಾನು ಅದರ ಪರವಾಗಿ ಮಾತನಾಡಿದೆ. ಎರಡು ಮಹಾಯುದ್ಧಗಳ ನಡುವಣ ಪ್ಯಾರಿಸ್ ನಗರವನ್ನು ನಿದರ್ಶನವಾಗಿ ತೆಗೆದುಕೊಂಡು, ಅಲ್ಲಿಯ ಒಬ್ಬ ಹೆಂಗಸು ತನ್ನ ಕತ್ತರಿಯಿಂದ ಸ್ತ್ರೀಕುಲದ ಸಂಕೋಲೆಯನ್ನೇ ಕತ್ತರಿಸಿದಳೆಂದು ಆವೇಶದಿಂದ ಸಾರಿದೆ. ಸಭೆ ಚಪ್ಪಾಳೆ ತಟ್ಟಿತು. ಎರಡನೆಯ ಬಹುಮಾನವೂ ಬಂತು. ಆ ರಾತ್ರಿ ಮನೆಯಲ್ಲಿ ಅದೇ ಭಾಷಣವನ್ನು ನನ್ನ ತಾಯಿಯವರ ಮುಂದೆ ಒಪ್ಪಿಸಿದೆ. ಅವರು ಮನೆಯಲ್ಲಿಯೇ ರವಿಕೆ ಹೊಲಿದುಕೊಡುವವರು. ಹುಕ್ಕು ಹಾಕುತ್ತಿದ್ದ ರವಿಕೆಯಿಂದ ತಲೆ ಎತ್ತದೆಯೇ ಎಲ್ಲವನ್ನೂ ಕೇಳಿ, ಕೊನೆಗೆ ಒಂದೇ ಮಾತು ಹೇಳಿದರು: "ಹಾಕ್ಕೊಂಡೋರ ಕಥೆ ಚೆನ್ನಾಗಿ ಹೇಳ್ದೆ ಕಣೇ. ಅದನ್ನ ಹೊಲಿದೋರಿಗೆ ಏನು ಸಿಕ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ತೀರ್ಪುಗಾರರು ಕೇಳದಿದ್ದ ಪ್ರಶ್ನೆಯನ್ನು ತಾಯಿಯವರು ಕೇಳಿದ್ದರು. ಅಂದಿನಿಂದ ಪುಸ್ತಕಗಳನ್ನು ಮತ್ತೆ ತಿರುವಿಹಾಕಿದೆ. ಅದರ ಫಲವೇ ಈ ಲೇಖನ. ಚರ್ಚಾಕೂಟದಲ್ಲಿ ನಾನು ಆಡಿದ ಮಾತಿಗೆ ನಾನೇ ಇಲ್ಲಿ ತಿದ್ದುಪಡಿ ಹಾಕುತ್ತಿದ್ದೇನೆಂದು ವಾಚಕರು ಭಾವಿಸಬಹುದು.

ಮೊದಲು ಯುದ್ಧಪೂರ್ವದ ಸ್ಥಿತಿಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಅನುಕೂಲಸ್ಥ ಮನೆಯ ಹೆಂಗಸು ಮೈಗೆ ಕಾರ್ಸೆಟ್ ಎಂಬ ಬಿಗಿ ಕವಚವನ್ನು ತೊಡುತ್ತಿದ್ದಳು. ತಿಮಿಂಗಿಲದ ಬಾಯಿಯ ಎಲುಬಿನಂಥ ಪಟ್ಟಿಗಳನ್ನೋ ಉಕ್ಕಿನ ಪಟ್ಟಿಗಳನ್ನೋ ಬಟ್ಟೆಯಲ್ಲಿ ಸೇರಿಸಿ, ಬೆನ್ನ ಹಿಂದೆ ದಾರದಿಂದ ಜಗ್ಗಿ ಕಟ್ಟಿ, ಸೊಂಟವನ್ನು ಹಿಡಿಯಷ್ಟು ಮಾಡುವುದು ಅದರ ಉದ್ದೇಶ. ಅದನ್ನು ತೊಟ್ಟವಳು ಬಗ್ಗಲಾರಳು, ಓಡಲಾರಳು, ತುಂಬ ಉಸಿರೆಳೆಯಲಾರಳು. ಮೈಗೆ ಕಾರ್ಸೆಟ್ ಹೇಗೋ ಬಾಳಿಗೆ 1804ರ ನೆಪೋಲಿಯನ್ನನ ನ್ಯಾಯಸಂಹಿತೆ ಹಾಗೆ. ಅದರ ಪ್ರಕಾರ ಹೆಂಡತಿ ಗಂಡನಿಗೆ ವಿಧೇಯಳಾಗಿರತಕ್ಕದ್ದು. ಆತನ ಒಪ್ಪಿಗೆಯಿಲ್ಲದೆ ಆಕೆ ನ್ಯಾಯಾಲಯಕ್ಕೆ ಹೋಗುವಂತಿಲ್ಲ, ಆಸ್ತಿಯನ್ನು ಮಾರುವಂತಿಲ್ಲ. ದುಡಿದ ಕೂಲಿಯಾದರೂ ಅವಳದೇ ಎಂದು ಹೇಳುವ ಕಾನೂನು ಬಂದುದು 1907ರಲ್ಲಿ.

ಇಂಥ ಕಾಲದಲ್ಲಿ, 1876ರಲ್ಲಿ ಹುಟ್ಟಿದವಳು ಮದ್ಲೆನ್ ವಿಯೊನೆ. ಬಡವರ ಮಗಳು. ಓದಿನಲ್ಲಿ ಜಾಣೆಯಾಗಿದ್ದರೂ ಹನ್ನೆರಡರ ಆಸುಪಾಸಿನ ವಯಸ್ಸಿಗೇ ಶಾಲೆಯನ್ನು ಬಿಟ್ಟು ಹೊಲಿಗೆಯವರ ಬಳಿ ಕೆಲಸ ಕಲಿಯಲು ಸೇರಿದಳು. ಹದಿನೆಂಟರ ಸುಮಾರಿಗೆ ಮದುವೆ, ಒಂದು ಹೆಣ್ಣು ಮಗು ಹುಟ್ಟಿ ತೀರಿಕೊಂಡಿತು, ದಾಂಪತ್ಯ ಮುರಿಯಿತು. ವಿಚ್ಛೇದನ ಪಡೆದು, ಕಡಲನ್ನು ದಾಟಿ ಲಂಡನ್ನಿಗೆ ಹೋಗಿ, ಅಲ್ಲಿಯ ಒಂದು ಉಡುಪಿನ ಮನೆಯಲ್ಲಿ ದುಡಿದಳು. ಮರಳಿ ಪ್ಯಾರಿಸ್ಸಿಗೆ ಬಂದು ಕಾಲೊ ಸೋದರಿಯರ ಸಂಸ್ಥೆಯಲ್ಲಿಯೂ ಅನಂತರ ದೂಸೆ ಎಂಬಾತನ ಸಂಸ್ಥೆಯಲ್ಲಿಯೂ ಪಳಗಿದಳು. ಕಾರ್ಸೆಟ್ ಇಲ್ಲದೆ, ಬರಿಗಾಲಿನಲ್ಲಿ ಹುಡುಗಿಯರನ್ನು ನಡೆಸಿ ತನ್ನ ಉಡುಪುಗಳನ್ನು ತೋರಿಸಿ, ದೂಸೆಯ ಅಂಗಡಿಯವರ ಹುಬ್ಬು ಗಂಟಿಕ್ಕುವಂತೆ ಮಾಡಿದವಳು ಆಕೆ. 1912ರಲ್ಲಿ ರಿವೊಲಿ ಬೀದಿಯಲ್ಲಿ ಸ್ವಂತ ಮನೆಯನ್ನು ತೆರೆದಳು. 1914ರ ಯುದ್ಧ ಅದನ್ನು ಮುಚ್ಚಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಮತ್ತೆ ತೆರೆದು, 1923ರಲ್ಲಿ ಮೊಂತೇನ್ ಮಾರ್ಗದ 50ನೆಯ ಸಂಖ್ಯೆಯ ಭವ್ಯ ಕಟ್ಟಡಕ್ಕೆ ಸಾಗಿಸಿದಳು.

ಆಕೆಯ ಕೈಚಳಕವೇನೆಂಬುದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ತಾಯಿಯವರ ಹೊಲಿಗೆ ಯಂತ್ರದ ಬಳಿ ತಿಳಿಯಿತು. ಬಟ್ಟೆಯಲ್ಲಿ ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ. ಈ ಎರಡರ ನೇರಕ್ಕೆ ಎಳೆದರೆ ಬಟ್ಟೆ ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಹಿಗ್ಗುತ್ತದೆ, ಬಾಗುತ್ತದೆ. ನಮ್ಮ ದರ್ಜಿಗಳು ಇದನ್ನೇ 'ಕ್ರಾಸ್' ಎನ್ನುತ್ತಾರೆ. ರವಿಕೆಯ ಕೊರಳಿನ ದುಂಡಿಗೆ ಕ್ರಾಸ್ ಪೀಸನ್ನೇ ಇಡುತ್ತಾರೆ. ಪಟ್ಟಿಗೋ ಕೊರಳಿಗೋ ಬಳಸುತ್ತಿದ್ದ ಈ ಓರೆ ಕತ್ತರಿಕೆಯನ್ನು ವಿಯೊನೆ ಇಡೀ ಉಡುಪಿಗೇ ಹಬ್ಬಿಸಿದಳು. ಮರದ ಚಿಕ್ಕ ಬೊಂಬೆಯೊಂದರ ಮೇಲೆ ಬಟ್ಟೆಯನ್ನು ಹೊದಿಸಿ, ಸುತ್ತಿ, ಬಿಚ್ಚಿ, ಅದು ಹೇಗೆ ಇಳಿಬೀಳುವುದೆಂದು ನೋಡಿ, ಅನಂತರವೇ ಮನುಷ್ಯರ ಅಳತೆಗೆ ಕತ್ತರಿಸುತ್ತಿದ್ದಳು. ಓರೆಗೆ ಕತ್ತರಿಸಲು ಎಂದಿನ ಅಗಲದ ಬಟ್ಟೆ ಸಾಲದೆ, ಹೆಚ್ಚು ಅಗಲದ ಕ್ರೇಪನ್ನು ನೇಯಿಸಿ ತರಿಸುತ್ತಿದ್ದಳು. ಹೀಗೆ ಹೊಲಿದ ಉಡುಪಿಗೆ ಎಲುಬಿನ ಆಧಾರ ಬೇಡ; ಮೈಯೇ ಆಧಾರ. ತೊಟ್ಟವಳು ನಡೆದರೆ ಬಟ್ಟೆಯೂ ನಡೆಯುವುದು, ಕುಳಿತರೆ ಬಟ್ಟೆಯೂ ಕೂರುವುದು.

ಆಕೆ ಒಬ್ಬಂಟಿಯಾಗಿರಲಿಲ್ಲ. ಅದೇ ಕಾಲದಲ್ಲಿ ಅನಾಥಾಲಯದಲ್ಲಿ ಬೆಳೆದ ಗಾಬ್ರಿಯೆಲ್ ಶನೆಲ್ ಎಂಬಾಕೆ 1910ರಲ್ಲಿ ಟೋಪಿಯ ಅಂಗಡಿಯಿಂದ ಆರಂಭಿಸಿ, ಅಗ್ಗದ ಜರ್ಸಿ ಬಟ್ಟೆಯಿಂದ ಹಗುರವಾದ ಉಡುಪುಗಳನ್ನು ಹೊಲಿಸಿ ಹೆಸರಾದಳು. 1926ರಲ್ಲಿ ಅಮೆರಿಕದ 'ವೋಗ್' ಪತ್ರಿಕೆ ಆಕೆಯ ಸರಳವಾದ ಕಪ್ಪು ಉಡುಪನ್ನು ಫೋರ್ಡ್ ಕಾರಿಗೆ ಹೋಲಿಸಿತು. ಎಲ್ಲರೂ ತೊಡಬಹುದಾದದ್ದು ಎಂಬ ಅರ್ಥದಲ್ಲಿ. ಟೆನಿಸ್ ಆಟಗಾರ್ತಿ ಸೂಝಾನ್ ಲಾಂಗ್ಲೆನ್ 1919ರಲ್ಲಿ ಕಾರ್ಸೆಟ್ ಇಲ್ಲದೆ, ಗಿಡ್ಡ ಲಂಗ ತೊಟ್ಟು ವಿಂಬಲ್ಡನ್ನಿನಲ್ಲಿ ಆಡಿ ಗೆದ್ದಳು. ಹೆಂಗಸರು ಜಡೆ ಕತ್ತರಿಸಿದರು, ಮೋಟಾರು ನಡೆಸಿದರು, ಕಚೇರಿಗಳಲ್ಲಿ ಬೆರಳಚ್ಚು ಯಂತ್ರದ ಮುಂದೆ ಕುಳಿತರು.

ಇದಕ್ಕೆಲ್ಲ ಕಾರಣ ಕತ್ತರಿಯೊಂದೇ ಅಲ್ಲವೆಂಬುದನ್ನು ನಾನು ಚರ್ಚೆಯಲ್ಲಿ ಮರೆತಿದ್ದೆ. ಯುದ್ಧದಲ್ಲಿ ಫ್ರಾನ್ಸಿನ ಸುಮಾರು 13 ಲಕ್ಷಕ್ಕೂ ಮಿಕ್ಕ ಗಂಡಸರು ಮಡಿದರು. ಗಂಡಸರು ಕಂದಕಗಳಲ್ಲಿದ್ದಾಗ ಲಕ್ಷಾಂತರ ಹೆಂಗಸರು ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದರು, ಟ್ರಾಮುಗಳಲ್ಲಿ ಚೀಟಿ ಹರಿದರು, ಹೊಲವನ್ನು ಉತ್ತರು. ಶೆಲ್ಲುಗಳನ್ನು ಎತ್ತುವವಳಿಗೆ ಬಿಗಿ ಕವಚ ಸಲ್ಲುವುದೆ? ಬಾಳು ಬದಲಾಯಿತು, ಉಡುಪು ಅದನ್ನು ಹಿಂಬಾಲಿಸಿತು. ಚೆನ್ನಾಗಿ ಹಿಂಬಾಲಿಸಿತು ಎಂಬುದೇ ವಿಯೊನೆಯಂಥವರ ಹಿರಿಮೆ.

ಮೈ ಬಿಡುಗಡೆಯಾಯಿತು, ಸರಿ. ಮನುಷ್ಯಳು ಬಿಡುಗಡೆಯಾದಳೆ? ಇಲ್ಲಿಯೇ ಇತಿಹಾಸ ನಮ್ಮನ್ನು ನಾಚಿಸುತ್ತದೆ. 1919ರಲ್ಲಿ ಫ್ರಾನ್ಸಿನ ಕೆಳಮನೆ ಸ್ತ್ರೀಯರಿಗೆ ಮತದಾನದ ಹಕ್ಕನ್ನು ಕೊಡಲು ಒಪ್ಪಿತು. 1922ರ ನವೆಂಬರಿನಲ್ಲಿ ಮೇಲ್ಮನೆಯಾದ ಸೆನೆಟ್ ಅದನ್ನು ತಳ್ಳಿಹಾಕಿತು. ಹೆಂಗಸರಿಗೆ ಮತ ಕೊಟ್ಟರೆ ಅದು ಪಾದ್ರಿಗಳ ಕಿಸೆಗೆ ಬೀಳುವುದೆಂದು ಪ್ರಗತಿಪರರೆನಿಸಿಕೊಂಡವರೇ ಅಂಜಿದರು. ಅದೇ 1922ರಲ್ಲಿ ವಿಕ್ತೊರ್ ಮಾರ್ಗರೀತ್ ಎಂಬ ಲೇಖಕ, ಜಡೆ ಕತ್ತರಿಸಿ ತನ್ನಿಚ್ಛೆಯಂತೆ ಬಾಳುವ ಹುಡುಗಿಯೊಬ್ಬಳ ಮೇಲೆ 'ಲಾ ಗಾರ್ಸೊನ್' ಎಂಬ ಕಾದಂಬರಿಯನ್ನು ಬರೆದ; ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು; ಸರ್ಕಾರ ಆತನ ಗೌರವ ಪದಕವನ್ನು ಕಿತ್ತುಕೊಂಡಿತು. 1936ರಲ್ಲಿ ಪ್ರಧಾನಿ ಲಿಯೊನ್ ಬ್ಲೂಮ್ ತನ್ನ ಸರ್ಕಾರದಲ್ಲಿ ಮೂವರು ಹೆಂಗಸರನ್ನು ಉಪಸಚಿವೆಯರನ್ನಾಗಿ ಮಾಡಿದ. ಅವರಲ್ಲೊಬ್ಬಳು ಅದರ ಹಿಂದಿನ ವರ್ಷವಷ್ಟೇ ನೊಬೆಲ್ ಪಾರಿತೋಷಕ ಪಡೆದಿದ್ದ ಐರೀನ್ ಜೋಲಿಯೊ ಕ್ಯೂರಿ. ದೇಶವನ್ನಾಳಲು ಯೋಗ್ಯರಾದ ಈ ಮೂವರಿಗೂ ಮತ ಹಾಕಲು ಮಾತ್ರ ಯೋಗ್ಯತೆಯಿರಲಿಲ್ಲ! ಅದೇ ವರ್ಷದ ಜುಲೈಯಲ್ಲಿ ಕೆಳಮನೆಯಲ್ಲಿ ಮತದಾನದ ಹಕ್ಕಿನ ಪರವಾಗಿ 495 ಮತಗಳು ಬಿದ್ದವು, ವಿರುದ್ಧವಾಗಿ ಒಂದೂ ಇಲ್ಲ. ಸೆನೆಟ್ ಆ ಕಾಗದವನ್ನು ಮುಟ್ಟಲೇ ಇಲ್ಲ. ಕೊನೆಗೆ ಹಕ್ಕು ಬಂದುದು 1944ರ ಏಪ್ರಿಲ್ 21ರ ಆಜ್ಞೆಯಿಂದ. ಫ್ರಾನ್ಸಿನ ಹೆಂಗಸರು ಮೊದಲ ಬಾರಿಗೆ ಮತ ಹಾಕಿದ್ದು 1945ರ ಏಪ್ರಿಲ್ 29ರಂದು.

ಮನೆಯೊಳಗಿನ ಕಥೆ ಇನ್ನೂ ನಿಧಾನ. ಹೆಂಡತಿಯ ವಿಧೇಯತೆಯ ನಿಯಮವನ್ನು ತೆಗೆದುಹಾಕಿದ್ದು 1938ರಲ್ಲಿ. ಆಗಲೂ ಆಕೆಯ ಉದ್ಯೋಗಕ್ಕೆ ಆಕ್ಷೇಪಣೆ ಮಾಡುವ ಅಧಿಕಾರ ಗಂಡನಲ್ಲಿಯೇ ಉಳಿಯಿತು. ಗಂಡನ ಅಪ್ಪಣೆಯಿಲ್ಲದೆ ಕೆಲಸಕ್ಕೆ ಸೇರುವ, ಬ್ಯಾಂಕಿನಲ್ಲಿ ಖಾತೆ ತೆರೆಯುವ ಹಕ್ಕು 1965ರ ಕಾನೂನಿನಿಂದ ಬಂತು. ಎಂದರೆ, 1925ರಲ್ಲಿ ವಿಯೊನೆಯ ಓರೆ ಉಡುಪನ್ನು ತೊಟ್ಟು ಹಗುರಾಗಿ ಹೆಜ್ಜೆಯಿಡುತ್ತಿದ್ದ ಸೊಗಸುಗಾತಿ ಕುಣಿಯಬಲ್ಲವಳಾಗಿದ್ದಳು, ಓಡಬಲ್ಲವಳಾಗಿದ್ದಳು. ತನ್ನ ಹೆಸರಿನ ಆಸ್ತಿಯನ್ನು ಗಂಡನ ಒಪ್ಪಿಗೆಯಿಲ್ಲದೆ ಮಾರಬಲ್ಲವಳಾಗಿರಲಿಲ್ಲ.

ಇನ್ನು ತಾಯಿಯವರ ಪ್ರಶ್ನೆ: ಹೊಲಿದವರಿಗೆ ಏನು ಸಿಕ್ಕಿತು?

ಪ್ಯಾರಿಸ್ಸಿನ ಹೊಲಿಗೆಯ ಹುಡುಗಿಯರನ್ನು 'ಮಿದಿನೆಟ್' ಎಂದು ಕರೆಯುತ್ತಿದ್ದರು. ನಡುಹಗಲಲ್ಲಿ ಏನೋ ಅಷ್ಟಿಷ್ಟು ತಿಂದು ಮತ್ತೆ ಸೂಜಿ ಹಿಡಿಯುವವರು ಎಂಬುದೇ ಆ ಹೆಸರಿನ ಮೂಲ. 1917ರ ಮೇ ತಿಂಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಈ ಹುಡುಗಿಯರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರು ಕೇಳಿದ್ದು ಶನಿವಾರ ಮಧ್ಯಾಹ್ನದ ಬಿಡುವು ಮತ್ತು ದಿನಕ್ಕೆ ಒಂದು ಫ್ರಾಂಕ್ ತುಟ್ಟಿಭತ್ಯೆ. ಹತ್ತಾರು ಉಡುಪಿನ ಮನೆಗಳಿಗೆ ಮುಷ್ಕರ ಹಬ್ಬಿತು. ಜೂನ್ 11ರಂದು ಉಡುಪಿನ ಉದ್ಯಮದ ಹೆಂಗಸರಿಗೆ ಶನಿವಾರದ ಅರ್ಧ ದಿನದ ಬಿಡುವು ಕಾನೂನಾಯಿತು. ಗಮನಿಸಿ: ಇದನ್ನು ಯಾವ ಉಡುಪೂ ಕೊಡಲಿಲ್ಲ, ಉಡುಪು ಹೊಲಿಯುವುದನ್ನು ನಿಲ್ಲಿಸಿದ್ದರಿಂದ ಬಂತು.

ವಿಯೊನೆಯ ವಿಷಯದಲ್ಲಿ ಒಂದು ಒಳ್ಳೆಯ ಮಾತನ್ನು ಹೇಳಲೇಬೇಕು. ಆಕೆ ತಾನು ಸೂಜಿ ಹಿಡಿದು ಬೆಳೆದದ್ದನ್ನು ಮರೆಯಲಿಲ್ಲ. ಉಚ್ಛ್ರಾಯದ ದಿನಗಳಲ್ಲಿ ಆಕೆಯ ಸಂಸ್ಥೆಯಲ್ಲಿ ಸುಮಾರು 1,200 ಮಂದಿ ದುಡಿಯುತ್ತಿದ್ದರು. ಅವರಿಗಾಗಿ ಬೆಳಕು ಗಾಳಿ ಧಾರಾಳವಾಗಿ ಬರುವ ಕೋಣೆಗಳು, ಊಟದ ಮನೆ, ವೈದ್ಯರು, ದಂತವೈದ್ಯರು ಇದ್ದರು, ಹೆರಿಗೆಗೆ ರಜೆಯಿತ್ತು, ಸಂಬಳಸಹಿತವಾದ ವಾರ್ಷಿಕ ರಜೆಯೂ ಇತ್ತು. ಬರಿಯ ಮಣೆಯಂಥ ಸ್ಟೂಲುಗಳ ಬದಲಿಗೆ ಬೆನ್ನಿಗೆ ಒರಗುವ ಕುರ್ಚಿಗಳನ್ನು ಹಾಕಿಸಿದಳು. ಹೊಲಿಯುವವರ ಬೆನ್ನು ಏನನ್ನು ಬೇಡುವುದೆಂದು ಹೊಲಿದವಳಿಗಲ್ಲದೆ ಇನ್ನಾರಿಗೆ ತಿಳಿದೀತು?

ಇನ್ನೊಂದು ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ಹಿಡಿಯಿತು. ಆಕೆಯ ಮಾದರಿಗಳನ್ನು ಕದ್ದು ನಕಲು ಮಾಡುವವರು ಬಹಳ ಮಂದಿ. ಅದನ್ನು ತಡೆಯಲು ಪ್ರತಿಯೊಂದು ಉಡುಪಿನ ಮುಂದಣ, ಪಕ್ಕದ, ಹಿಂದಣ ಚಿತ್ರಗಳನ್ನು ತೆಗೆಸಿ ಇಡುತ್ತಿದ್ದಳು. ಉಡುಪಿನ ಒಳಪಟ್ಟಿಯಲ್ಲಿ ತನ್ನ ಸಹಿಯ ಜೊತೆಗೆ ಹೆಬ್ಬೆಟ್ಟಿನ ಗುರುತನ್ನೂ ಹಾಕುತ್ತಿದ್ದಳು. ನಮ್ಮಲ್ಲಿ ಹೆಬ್ಬೆಟ್ಟೆಂದರೆ ಅಕ್ಷರ ಬಾರದವರ ಗುರುತು, ನಾಚಿಕೆಯ ಗುರುತು. ಶಾಲೆಯನ್ನು ಎಳೆಯ ವಯಸ್ಸಿಗೇ ಬಿಟ್ಟ ಈ ಹೆಂಗಸು ಅದನ್ನೇ ಕರ್ತೃತ್ವದ ಮುದ್ರೆಯಾಗಿ ಮಾಡಿದಳು. ಕೈ ಮಾಡಿದ ಕೆಲಸಕ್ಕೆ ಕೈಯೇ ಸಾಕ್ಷಿ!

ಇದೇ ಕಾಲದ ಇನ್ನೊಂದು ಮನೆಯ ಕಥೆ ಬೇರೆ. 1936ರ ಜೂನಿನಲ್ಲಿ ಫ್ರಾನ್ಸಿನಾದ್ಯಂತ ಮುಷ್ಕರ ಹಬ್ಬಿದಾಗ ಶನೆಲ್ಲಳ ಕೆಲಸಗಾರ್ತಿಯರೂ ಸೂಜಿ ಕೆಳಗಿಟ್ಟು, ಒಡತಿಯನ್ನು ಅವಳ ಅಂಗಡಿಯ ಬಾಗಿಲಲ್ಲಿಯೇ ತಡೆದರು. ಆಕೆ ಕೆರಳಿದಳು, ಬಗ್ಗಲು ಬಹಳ ದಿನ ಹಿಡಿಯಿತು. 1939ರಲ್ಲಿ ಯುದ್ಧ ಬಂದೊಡನೆ ಉಡುಪಿನ ಮನೆಯನ್ನು ಮುಚ್ಚಿದಳು. ಸಾವಿರಾರು ಕೆಲಸಗಾರ್ತಿಯರು ಬೀದಿಗೆ ಬಿದ್ದರು. ಕೊಳ್ಳುವವಳ ಮೈಯನ್ನು ಬಿಡಿಸಿದ ಕೈ ಹೊಲಿಯುವವಳ ಬದುಕನ್ನು ಅಷ್ಟೇ ಹಗುರಾಗಿ ಕಾಣಲಿಲ್ಲ.

ಹಾಗಾದರೆ ವಿಯೊನೆ ಒಳ್ಳೆಯವಳು, ಶನೆಲ್ ಕೆಟ್ಟವಳು ಎಂದು ತೀರ್ಪು ಕೊಟ್ಟು ಮುಗಿಸೋಣವೆ? ಮೊದಲು ನನಗೂ ಹಾಗೆಯೇ ತೋರಿತು. ಆದರೆ ಅದೇ 1939ರಲ್ಲಿ ವಿಯೊನೆಯ ಮನೆಯೂ ಮುಚ್ಚಿತು. ಅದರೊಡನೆ ಆ ಊಟದ ಮನೆ, ಆ ದಂತವೈದ್ಯರು, ಆ ಒರಗು ಕುರ್ಚಿ ಎಲ್ಲವೂ ಹೋದವು. ಒಡತಿಯ ದಯೆಯಿಂದ ಬಂದುದು ಒಡತಿಯ ಬಾಗಿಲೊಡನೆ ಮುಚ್ಚಿಕೊಂಡಿತು. ಆದರೆ 1936ರ ಮುಷ್ಕರದ ಫಲವಾಗಿ ಎಲ್ಲ ಕೆಲಸಗಾರರಿಗೂ ಕಾನೂನಿನಿಂದ ದೊರೆತ ಎರಡು ವಾರಗಳ ಸಂಬಳಸಹಿತ ರಜೆ ಯಾವ ಮನೆ ಮುಚ್ಚಿದರೂ ಮುಚ್ಚಲಿಲ್ಲ. ಬೆಳೆಯುತ್ತ ಹೋಗಿ 1982ರಿಂದ ಐದು ವಾರಗಳಾಗಿದೆ. ವಿಯೊನೆ ಕೊಟ್ಟದ್ದು ದೊಡ್ಡದು. ಹುಡುಗಿಯರು ಕೇಳಿ ಪಡೆದದ್ದು ಗಟ್ಟಿಯಾದದ್ದು.

ಉಡುಪಿನ ವಿಷಯವೂ ಹೀಗೆಯೇ. ಫ್ಯಾಷನ್ ಕೊಟ್ಟದ್ದನ್ನು ಫ್ಯಾಷನ್ನೇ ಹಿಂದಕ್ಕೆ ತೆಗೆದುಕೊಳ್ಳಬಲ್ಲದು. ಪಾಲ್ ಪ್ವಾರೆ ಎಂಬಾತ ಯುದ್ಧಕ್ಕೆ ಮೊದಲೇ ಕಾರ್ಸೆಟ್ಟನ್ನು ಬಿಡಿಸಿದ. ಬೆನ್ನಲ್ಲೇ ಕಾಲಿನ ಬಳಿ ಬಿಗಿಯಾದ ಲಂಗವನ್ನು ತಂದು, ಹೆಂಗಸರು ಗೇಣು ಗೇಣು ಹೆಜ್ಜೆಯಿಡುವಂತೆ ಮಾಡಿದ. ಸೊಂಟವನ್ನು ಬಿಚ್ಚಿ ಕಾಲನ್ನು ಕಟ್ಟಿದಂತಾಯಿತು. 1920ರ ದಶಕದಲ್ಲಿ ಮಂಡಿಗೆ ಏರಿದ ಲಂಗದ ಅಂಚು 1930ರ ಹೊತ್ತಿಗೆ ಮತ್ತೆ ಕೆಳಗಿಳಿಯಿತು. 1947ರ ಫೆಬ್ರವರಿಯಲ್ಲಿ ಕ್ರಿಶ್ಚಿಯನ್ ದಿಯೊರ್ ಎಂಬ ಗಂಡಸು ಸೊಂಟವನ್ನು ಮತ್ತೆ ಬಿಗಿದು, ಗಜಗಟ್ಟಲೆ ಬಟ್ಟೆಯ ಲಂಗವನ್ನು ತೊಡಿಸಿದಾಗ ಜಗತ್ತು ಅದನ್ನು 'ಹೊಸ ನೋಟ' ಎಂದು ಕೊಂಡಾಡಿತು. ಆದರೆ ಒಂದನ್ನು ನೆನೆಯಿರಿ. 1947ರಲ್ಲಿ ಆ ಬಿಗಿಯಾದ ಸೊಂಟದ ಹೆಂಗಸಿನ ಕೈಯಲ್ಲಿ ಮತಪತ್ರವಿತ್ತು. ಅದನ್ನು ದಿಯೊರ್ ಆಗಲಿ ಇನ್ನಾರೇ ಆಗಲಿ ಕತ್ತರಿಸಲು ಸಾಧ್ಯವಿರಲಿಲ್ಲ. ಮೈ ಸಡಿಲವಾಗಿದ್ದು ಕೈ ಬರಿದಾಗಿದ್ದ 1925ರವಳು, ಮೈ ಬಿಗಿಯಾಗಿದ್ದು ಕೈಯಲ್ಲಿ ಹಕ್ಕಿದ್ದ 1947ರವಳು — ಇವರಿಬ್ಬರಲ್ಲಿ ಯಾರು ಹೆಚ್ಚು ಸ್ವತಂತ್ರಳೆಂದು ವಾಚಕರೇ ಹೇಳಲಿ.

ಸ್ವತಃ ವಿಯೊನೆಯ ಬಾಳೇ ನನ್ನ ಮಾತಿಗೆ ಸಾಕ್ಷಿ. ಮುರಿದ ದಾಂಪತ್ಯದಿಂದ ಆಕೆಯನ್ನು ಬಿಡಿಸಿದ್ದು ಯಾವ ಕತ್ತರಿ? ಫ್ರಾನ್ಸಿನಲ್ಲಿ ಬಹುಕಾಲ ನಿಷಿದ್ಧವಾಗಿದ್ದ ವಿಚ್ಛೇದನಕ್ಕೆ 1884ರ ಕಾನೂನು ಮತ್ತೆ ಎಡೆಗೊಟ್ಟಿತ್ತು. ಆ ಕಾನೂನು ಬಾರದೆ ಇದ್ದಿದ್ದರೆ ಲಂಡನ್ನೂ ಇಲ್ಲ, ಓರೆ ಕತ್ತರಿಕೆಯೂ ಇಲ್ಲ, ಮೊಂತೇನ್ ಮಾರ್ಗದ ಮಹಲೂ ಇಲ್ಲದೆ ಹೋಗುತ್ತಿತ್ತೋ ಏನೋ.

ಹಾಗೆಂದು ಉಡುಪನ್ನು ನಾನು ಹೀಗಳೆಯುತ್ತಿಲ್ಲ. ನನ್ನ ಪ್ರತಿಪಕ್ಷದಲ್ಲಿ ಮಾತನಾಡಿದ ಮಿತ್ರರು "ಬಟ್ಟೆಯಲ್ಲೇನಿದೆ?" ಎಂದು ಮೂದಲಿಸಿದರು. ಅದೂ ತಪ್ಪೇ. ಉಸಿರು ಕಟ್ಟಿದವಳು ಸಭೆಯಲ್ಲಿ ಗಟ್ಟಿಯಾಗಿ ಮಾತನಾಡಲಾರಳು; ಹೆಜ್ಜೆ ಎತ್ತಿಡಲಾರದವಳು ಮೆರವಣಿಗೆಯಲ್ಲಿ ನಡೆಯಲಾರಳು. ಮೈಯ ಸಲೀಸು ಮನಸ್ಸಿಗೂ ಒಂದು ಧೈರ್ಯವನ್ನು ಕಲಿಸುತ್ತದೆ. ಬಾಗಿಲ ತನಕ ನಡೆದು ಹೋಗಲು ಒಳ್ಳೆಯ ಉಡುಪು ಬೇಕು. ಆದರೆ ಉಡುಪೇ ಬಾಗಿಲಲ್ಲ. ಇದೇ ನನ್ನ ತಿದ್ದುಪಡಿ.

ಇಷ್ಟನ್ನೂ ಒಂದು ಸಂಜೆ ತಾಯಿಯವರಿಗೆ ಓದಿ ಹೇಳಿದೆ. ಅವರಿಗೆ ಮತದ ಅಂಕಿಗಳಿಗಿಂತ ಕುರ್ಚಿಯ ಸಂಗತಿ ಹಿಡಿಸಿತು. "ಒರಗೋ ಕುರ್ಚೀನಾ? ಪುಣ್ಯಾತ್ಗಿತ್ತಿ!" ಎಂದರು. ಅವರು ಇಪ್ಪತ್ತು ವರ್ಷಗಳಿಂದ ಬರಿಯ ಸ್ಟೂಲಿನ ಮೇಲೆ ಕುಳಿತು ಹೊಲಿಯುತ್ತಿದ್ದಾರೆಂಬುದು ಆಗ ನನ್ನ ಕಣ್ಣಿಗೆ ಬಿತ್ತು. ಅದೇ ಮನೆಯಲ್ಲಿ ಬೆಳೆದ ನಾನು ಪ್ಯಾರಿಸ್ಸಿಗೆ ಹೋಗಿ ಬಂದ ಮೇಲೆ ಅದನ್ನು ಕಂಡೆ! ಚರ್ಚಾಕೂಟದ ಬಹುಮಾನದ ಹಣಕ್ಕೆ ಸ್ವಲ್ಪ ಸೇರಿಸಿ ಬೆನ್ನಿರುವ ಕುರ್ಚಿಯೊಂದನ್ನು ತಂದೆ. ಅವರು ಸಂತೋಷಪಟ್ಟರು.

ಆದರೆ ನನಗೆ ಪೂರ್ಣ ಸಮಾಧಾನವಾಗಲಿಲ್ಲ. ಅದು ಮಗಳ ದಯೆ, ಹಕ್ಕಲ್ಲ. ಗೌರಿ ಹಬ್ಬ ದೀಪಾವಳಿ ಬಂತೆಂದರೆ ಊರಿಗೆಲ್ಲ ರಜೆ, ನನ್ನ ತಾಯಿಯವರಿಗೆ ನಡುರಾತ್ರಿಯ ತನಕ ದುಡಿಮೆ. ಅವರಿಗೆ ಸಂಬಳಸಹಿತ ರಜೆಯೆಂಬುದಿಲ್ಲ. ಅದನ್ನು ಯಾರ ಬಳಿ ಕೇಳಬೇಕೆಂಬುದೂ ತಿಳಿಯದು. ನಮ್ಮ ಕಾಲೇಜಿನ ಸೋದರಿಯರು ಹೊಸ ಉಡುಪು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅದು ನಮಗೆಷ್ಟು ಸಲೀಸೆಂದು ಧಾರಾಳವಾಗಿ ನೋಡಿಕೊಳ್ಳಲಿ. ಅದು ನಮ್ಮ ಹಕ್ಕೇ ಸರಿ. ಆಮೇಲೆ ಒಮ್ಮೆ ಅದನ್ನು ಒಳಮಗ್ಗುಲಾಗಿ ತಿರುಗಿಸಿ, ಹೊಲಿಗೆಯನ್ನೂ ನೋಡಲಿ. ಅಲ್ಲಿ ಯಾರದೋ ಹೆಬ್ಬೆಟ್ಟಿನ ಗುರುತು ಇದ್ದೇ ಇರುತ್ತದೆ. ನಮಗೆ ಕಾಣುವುದಿಲ್ಲ, ಅಷ್ಟೆ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ